ಸ್ಕ್ಯಾನ್‌ನಲ್ಲಿ ಕಂಡ ಗಂಟಲು, ಆಪರೇಷನ್ ಟೇಬಲ್ ಮೇಲಿನ ಗಂಟಲು

ಆಪರೇಷನ್‌ಗೆ ಮುನ್ನ ಮನೆಯವರು ಕೇಳುವ ಪ್ರಶ್ನೆ ಬಹುತೇಕ ಒಂದೇ: "ಮತ್ತು ಕೊಟ್ಟ ಮೇಲೆ ಸರಿಯಾಗಿ ಎಚ್ಚರ ಆಗ್ತಾರಲ್ವಾ ಡಾಕ್ಟ್ರೇ?" ಅರಿವಳಿಕೆ ಕೊಡುವವರ ತಲೆಯಲ್ಲಿ ಆ ಹೊತ್ತಿಗೆ ಬೇರೆಯೇ ಪ್ರಶ್ನೆ ಓಡುತ್ತಿರುತ್ತದೆ. ಔಷಧ ರಕ್ತನಾಳಕ್ಕೆ ಹೋದ ಸ್ವಲ್ಪ ಹೊತ್ತಿಗೆ ರೋಗಿಯ ಉಸಿರಾಟ ನಿಲ್ಲುತ್ತದೆ. ಆಮೇಲೆ ಉಸಿರು ಯಾವ ದಾರಿಯಿಂದ ಒಳಗೆ ಹೋಗಬೇಕು?

ಹೆಚ್ಚಿನವರಲ್ಲಿ ಉತ್ತರ ಸುಲಭ. ಮಾಸ್ಕ್ ಇಟ್ಟು ಗಾಳಿ ಕೊಟ್ಟು, ಲ್ಯಾರಿಂಗೋಸ್ಕೋಪಿನಿಂದ ನಾಲಿಗೆ ಸರಿಸಿ, ಧ್ವನಿತಂತುಗಳ ನಡುವೆ ಟ್ಯೂಬ್ ಇಳಿಸಿದರೆ ಮುಗಿಯಿತು. ಕೆಲವರಲ್ಲಿ ಬಾಯಿ ತೆರೆಯುವುದಿಲ್ಲ, ಕುತ್ತಿಗೆ ಬಾಗುವುದಿಲ್ಲ, ಗಂಟಲಲ್ಲಿ ಗೆಡ್ಡೆ ಇರುತ್ತದೆ, ಶ್ವಾಸನಾಳ ಓರೆಯಾಗಿರುತ್ತದೆ. ನಮ್ಮ ಭಾಷೆಯಲ್ಲಿ ಇದು 'ಡಿಫಿಕಲ್ಟ್ ಏರ್‌ವೇ', ಕಠಿಣ ಶ್ವಾಸಮಾರ್ಗ. ಕೈಯಲ್ಲಿರುವ ಸಮಯವೂ ಅಷ್ಟಕ್ಕಷ್ಟೆ. ಮೊದಲೇ ಚೆನ್ನಾಗಿ ಆಮ್ಲಜನಕ ತುಂಬಿಸಿದ ಆರೋಗ್ಯವಂತ ವಯಸ್ಕರಲ್ಲಿ ಉಸಿರು ನಿಂತ ಮೇಲೆ ಸುಮಾರು 8 ನಿಮಿಷ ಸಿಗುತ್ತದೆ; ತೀರಾ ಸ್ಥೂಲಕಾಯದವರಲ್ಲಿ ಅದು 3 ನಿಮಿಷಕ್ಕೆ ಇಳಿಯುತ್ತದೆ.

ಇಂಥವರ ಫೈಲಿನಲ್ಲಿ ಈಗ ಎಕ್ಸ್-ರೇ, ಸಿ.ಟಿ., ಎಂ.ಆರ್.ಐ., ಅಲ್ಟ್ರಾಸೌಂಡ್ ಯಾವುದಾದರೊಂದು ಇದ್ದೇ ಇರುತ್ತದೆ. ಅವು ನಿಜಕ್ಕೂ ಜೀವ ಉಳಿಸುತ್ತವೆ. ಅವುಗಳ ಸುತ್ತ ಹುಟ್ಟಿಕೊಂಡ ನಂಬಿಕೆಗಳಲ್ಲಿ ಕೆಲವು ಮಾತ್ರ ಜೀವಕ್ಕೆ ಕುತ್ತು ತರುವಂಥವು. ರೋಗಿಗಳಷ್ಟೇ ಅಲ್ಲ, ಆಸ್ಪತ್ರೆಯೊಳಗೆ ಓಡಾಡುವವರೂ ಅವನ್ನು ನಂಬುವುದುಂಟು. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಸ್ಕ್ಯಾನ್ ಇದ್ದ ಮೇಲೆ ಬಾಯಿ ತೆರೆಸಿ, ಕುತ್ತಿಗೆ ಎತ್ತಿಸಿ ನೋಡುವುದೆಲ್ಲ ಹಳೇ ಕಾಲದ ಪದ್ಧತಿ.

ವಾಸ್ತವ: 'ಅನಸ್ತೇಷಿಯಾ ಫಿಟ್‌ನೆಸ್'ಗೆ ಹೋದಾಗ ವೈದ್ಯರು ಬಾಯಿ ಅಗಲಿಸಿ ನಾಲಿಗೆ ಚಾಚಲು ಹೇಳುತ್ತಾರಲ್ಲ, ಅದರ ಹಿಂದೆ ಭಾರತೀಯ ಮೂಲದ ವೈದ್ಯರೊಬ್ಬರ ಹೆಸರಿದೆ. ಅಮೆರಿಕದ ಬಾಸ್ಟನ್‌ನಲ್ಲಿ ಕೆಲಸ ಮಾಡುತ್ತಿದ್ದ ಶೇಷಗಿರಿ ರಾವ್ ಮಲ್ಲಂಪಾಟಿ 1985ರಲ್ಲಿ 210 ರೋಗಿಗಳ ಅಧ್ಯಯನ ಪ್ರಕಟಿಸಿದರು. ಬಾಯಿ ತೆರೆದಾಗ ಕಿರುನಾಲಗೆ, ಅಂಗುಳದ ಹಿಂಭಾಗ ಎಷ್ಟು ಕಾಣುತ್ತದೆ ಎಂಬುದರ ಮೇಲೆ ಟ್ಯೂಬ್ ಹಾಕುವುದು ಕಷ್ಟವೋ ಸುಲಭವೋ ಎಂದು ಅಂದಾಜಿಸಬಹುದು ಎಂಬುದು ಅವರ ತರ್ಕ. ಮೂರು ದರ್ಜೆಗಳಿದ್ದ ಆ ಪಟ್ಟಿಗೆ 1987ರಲ್ಲಿ ಬ್ರಿಟನ್ನಿನ ವೈದ್ಯರು ನಾಲ್ಕನೆಯದನ್ನು ಸೇರಿಸಿದರು. ಇಂದು ಜಗತ್ತಿನ ಬಹುತೇಕ ಆಪರೇಷನ್ ಥಿಯೇಟರುಗಳಲ್ಲಿ 'ಮಲ್ಲಂಪಾಟಿ ಎಷ್ಟು?' ಎಂಬ ಪ್ರಶ್ನೆ ಕೇಳಿಬರುತ್ತದೆ.

ಇದರ ಜೊತೆಗೆ ಬಾಯಿ ಮೂರು ಬೆರಳು ಹಿಡಿಸುವಷ್ಟು ತೆರೆಯುತ್ತದೆಯೇ, ಕೆಳದವಡೆ ಮುಂದಕ್ಕೆ ಬರುತ್ತದೆಯೇ, ಕುತ್ತಿಗೆ ಹಿಂದಕ್ಕೆ ಬಾಗುತ್ತದೆಯೇ, ಅಲ್ಲಾಡುವ ಹಲ್ಲಿದೆಯೇ, ರಾತ್ರಿ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ ಎಂದು ನೋಡುತ್ತಾರೆ, ಕೇಳುತ್ತಾರೆ. ಇವೆಲ್ಲ ಚಲನೆಗೆ ಸಂಬಂಧಿಸಿದ ಸಂಗತಿಗಳು. ಸಿ.ಟಿ. ತೆಗೆಯುವಾಗ ರೋಗಿ ಬಾಯಿ ಮುಚ್ಚಿ ಅಲುಗಾಡದೆ ಮಲಗಿರುತ್ತಾನೆ. ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನು ಆ ಚಿತ್ರ ಹೇಗೆ ಹೇಳೀತು? ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುವವರ ಕಷ್ಟವನ್ನೂ ಅದು ಹೇಳುವುದಿಲ್ಲ. ಸ್ಕ್ಯಾನ್ ನೋಡುವುದು ಪರೀಕ್ಷೆ ಮುಗಿದ ಮೇಲಿನ ಕೆಲಸ. ಪರೀಕ್ಷೆಯಲ್ಲಿ ಹುಟ್ಟಿದ ಸಂಶಯಕ್ಕೆ ಸ್ಕ್ಯಾನ್‌ನಲ್ಲಿ ಉತ್ತರ ಹುಡುಕಬೇಕು.

ತಪ್ಪು ಕಲ್ಪನೆ 2: ಹಾಗಿದ್ದರೆ ಎಲ್ಲರಿಗೂ ಒಂದು ಸಿ.ಟಿ. ಮಾಡಿಸಿಬಿಟ್ಟರೆ ಟೇಬಲ್ ಮೇಲೆ ಯಾವ ಅಚ್ಚರಿಯೂ ಇರುವುದಿಲ್ಲ.

ವಾಸ್ತವ: ಅಚ್ಚರಿಗಳು ಎಷ್ಟು ಎಂಬುದಕ್ಕೆ ಡೆನ್ಮಾರ್ಕ್ ದೇಶದ ಅರಿವಳಿಕೆ ದತ್ತಾಂಶ ಕಣ್ತೆರೆಸುವಂತಿದೆ. 1,88,064 ರೋಗಿಗಳ ದಾಖಲೆ ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 3,391 ಮಂದಿಗೆ ಟ್ಯೂಬ್ ಹಾಕುವುದು ಕಷ್ಟವಾಗಿತ್ತು. ಅವರಲ್ಲಿ ಶೇ. 93ರಷ್ಟು ಮಂದಿಯ ವಿಷಯದಲ್ಲಿ ಹಾಗಾದೀತು ಎಂದು ಮೊದಲೇ ಯಾರೂ ಊಹಿಸಿರಲಿಲ್ಲ. ಇನ್ನೊಂದೆಡೆ, 'ಕಷ್ಟವಾಗಬಹುದು' ಎಂದು ಮೊದಲೇ ಬರೆದಿಟ್ಟವರಲ್ಲಿ ನಿಜಕ್ಕೂ ಕಷ್ಟವಾದದ್ದು ನಾಲ್ವರಲ್ಲಿ ಒಬ್ಬರಿಗೆ ಮಾತ್ರ.

ಹಾಗೆಂದು ಎಲ್ಲರನ್ನೂ ಸಿ.ಟಿ. ಯಂತ್ರಕ್ಕೆ ತಳ್ಳಿದರೆ ಸಮಸ್ಯೆ ನೀಗುವುದಿಲ್ಲ. ಕಷ್ಟವಾಗುವವರು ನೂರಕ್ಕೆ ಒಬ್ಬಿಬ್ಬರು. ಇಷ್ಟು ವಿರಳವಾದದ್ದನ್ನು ಹುಡುಕಲು ಯಾವ ಪರೀಕ್ಷೆ ಮಾಡಿದರೂ ಸುಳ್ಳು ಎಚ್ಚರಿಕೆಗಳೇ ಹೆಚ್ಚು ಬರುತ್ತವೆ. ಖರ್ಚು ಬೇರೆ, ವಿಕಿರಣ ಬೇರೆ. ಕುತ್ತಿಗೆಯ ಒಂದು ಸಿ.ಟಿ.ಯಲ್ಲಿ ದೇಹಕ್ಕೆ ತಗಲುವ ವಿಕಿರಣ ಸುಮಾರು 3 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ಒಬ್ಬ ಮನುಷ್ಯನಿಗೆ ಇಡೀ ವರ್ಷದಲ್ಲಿ ತಗಲುವ ಜಾಗತಿಕ ಸರಾಸರಿಯೇ ಸುಮಾರು 2.4 ಮಿಲಿಸೀವರ್ಟ್. ಬೇಕಾದವರಿಗೆ ಇದು ಭಯಪಡುವ ಪ್ರಮಾಣವಲ್ಲ. ಬೇಡದವರಿಗೆ, ಅದರಲ್ಲೂ ಮಕ್ಕಳಿಗೆ, ಸುಮ್ಮನೆ ಕೊಡುವಂಥದ್ದೂ ಅಲ್ಲ.

ಸ್ಕ್ಯಾನ್ ನಿಜಕ್ಕೂ ನೆರವಾಗುವುದು ಯಾರಿಗೆ? ದೊಡ್ಡ ಗಳಗಂಡ ಇರುವವರಿಗೆ, ಬಾಯಿ, ಗಂಟಲು, ಧ್ವನಿಪೆಟ್ಟಿಗೆಯಲ್ಲಿ ಗೆಡ್ಡೆ ಇರುವವರಿಗೆ, ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದವರಿಗೆ, ದವಡೆ ಕೀಲು ಬೆಸೆದುಕೊಂಡವರಿಗೆ, ಎದೆಗೂಡಿನ ಮುಂಭಾಗದಲ್ಲಿ ಗೆಡ್ಡೆ ಬೆಳೆದವರಿಗೆ, ಸಂಧಿವಾತದಿಂದ ಕತ್ತಿನ ಮೂಳೆ ಸಡಿಲವಾದವರಿಗೆ. ಇವರಲ್ಲಿ ಬಹುಪಾಲು ಮಂದಿಗೆ ಶಸ್ತ್ರಚಿಕಿತ್ಸಕರು ರೋಗಪತ್ತೆಗಾಗಿ ಮೊದಲೇ ಸ್ಕ್ಯಾನ್ ಮಾಡಿಸಿರುತ್ತಾರೆ. ಅರಿವಳಿಕೆಯವರು ಹೊಸದನ್ನು ಬರೆಯಬೇಕಿಲ್ಲ, ಇರುವುದನ್ನು ತೆರೆದು ನೋಡಿದರೆ ಸಾಕು.

ತಪ್ಪು ಕಲ್ಪನೆ 3: ಸಿ.ಟಿ.ಯಲ್ಲಿ ಉಸಿರಿನ ದಾರಿ ತೆರೆದಿದ್ದರೆ ಅರಿವಳಿಕೆ ಕೊಟ್ಟ ಮೇಲೂ ತೆರೆದೇ ಇರುತ್ತದೆ.

ವಾಸ್ತವ: ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಎಚ್ಚರವಿದ್ದಾಗ ನಾಲಿಗೆಯ ಬುಡ, ಮೃದು ಅಂಗುಳ, ಗಂಟಲಿನ ಗೋಡೆಗಳನ್ನು ಸ್ನಾಯುಗಳು ಸದಾ ಬಿಗಿಹಿಡಿದು ನಿಂತಿರುತ್ತವೆ. ನಮಗದು ಅರಿವಿಗೇ ಬರುವುದಿಲ್ಲ. ಅರಿವಳಿಕೆ ಆ ಬಿಗಿಯನ್ನು ಬಿಡಿಸುತ್ತದೆ. ನಾಲಿಗೆ ಹಿಂದಕ್ಕೆ ಬೀಳುತ್ತದೆ, ಅಂಗುಳ ಗಂಟಲಿನ ಹಿಂಗೋಡೆಗೆ ಅಂಟುತ್ತದೆ. ಚಿತ್ರದಲ್ಲಿ ಕಂಡ ಹತ್ತು ಮಿಲಿಮೀಟರ್ ತೆರವು ಟೇಬಲ್ ಮೇಲೆ ಸೊನ್ನೆಯಾಗಬಹುದು. ನಾಲಿಗೆ ಬುಡದಲ್ಲಿ ಗೆಡ್ಡೆಯೂ ಇದ್ದರೆ, ಅದನ್ನು ಎತ್ತಿ ಹಿಡಿದಿದ್ದ ಸ್ನಾಯುಗಳು ಸಡಿಲವಾದ ಕ್ಷಣ ಅದು ಬಾಗಿಲು ಮುಚ್ಚಬಹುದು.

ಚಿತ್ರಕ್ಕೆ ದಿನಾಂಕವೂ ಇರುತ್ತದೆ. ಧ್ವನಿಪೆಟ್ಟಿಗೆಯ ಕ್ಯಾನ್ಸರಿನಲ್ಲಿ ತಿಂಗಳ ಹಿಂದಿನ ಸಿ.ಟಿ. ತಿಂಗಳ ಹಿಂದಿನ ಗಂಟಲನ್ನಷ್ಟೇ ತೋರಿಸುತ್ತದೆ. ನಡುವೆ ಗೆಡ್ಡೆ ಬೆಳೆದಿರಬಹುದು, ಬಯಾಪ್ಸಿಯಿಂದ ಊದಿಕೊಂಡಿರಬಹುದು, ವಿಕಿರಣ ಚಿಕಿತ್ಸೆಯಿಂದ ಅಂಗಾಂಶ ಗಟ್ಟಿಯಾಗಿರಬಹುದು. ಗೆಡ್ಡೆ ಮುಟ್ಟಿದರೆ ರಕ್ತ ಬರುವಂಥದ್ದೇ, ಅಲ್ಲಾಡುವಂಥದ್ದೇ ಎಂಬುದೂ ಚಿತ್ರದಲ್ಲಿ ಸ್ಪಷ್ಟವಾಗುವುದಿಲ್ಲ.

ಈ ಕೊರತೆ ತುಂಬಲು ಅಷ್ಟೇನೂ ದುಬಾರಿಯಲ್ಲದ ಉಪಾಯವಿದೆ. ಮೂಗಿಗೆ ಜೋಮು ಬರಿಸುವ ಔಷಧ ಸಿಂಪಡಿಸಿ, ರೋಗಿ ಕೂತಿರುವಾಗಲೇ ತೆಳ್ಳನೆ ಎಂಡೋಸ್ಕೋಪ್ ಇಳಿಸಿ, ಉಸಿರಾಡುತ್ತಿರುವ ಗಂಟಲನ್ನೇ ಕಣ್ಣಾರೆ ನೋಡುವುದು. ಕೆಲವೇ ನಿಮಿಷದ ಕೆಲಸ. ಅಮೆರಿಕದಲ್ಲಿ 138 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ನೋಡಿದ ಮೇಲೆ ಸುಮಾರು ಕಾಲು ಭಾಗದಷ್ಟು ಮಂದಿಯ ಯೋಜನೆಯೇ ಬದಲಾಯಿತು. ಆಪರೇಷನ್ ದಿನದ ಗಂಟಲನ್ನು ಆಪರೇಷನ್ ದಿನವೇ ನೋಡುವುದಕ್ಕೆ ಸಮಾನವಾದದ್ದು ಇನ್ನೊಂದಿಲ್ಲ.

ತಪ್ಪು ಕಲ್ಪನೆ 4: ರೇಡಿಯಾಲಜಿ ರಿಪೋರ್ಟ್ ಓದಿದರೆ ಸಾಕು, ಚಿತ್ರ ನೋಡುವ ಅಗತ್ಯವಿಲ್ಲ.

ವಾಸ್ತವ: ರಿಪೋರ್ಟ್ ಬರೆಯುವವರು ತಮಗೆ ಬಂದ ಪ್ರಶ್ನೆಗೆ ಉತ್ತರ ಬರೆಯುತ್ತಾರೆ. 'ಥೈರಾಯ್ಡ್ ಗಂಟು, ಕ್ಯಾನ್ಸರ್ ಇದೆಯೇ?' ಎಂದು ಕೇಳಿ ಕಳಿಸಿದರೆ ಗಂಟಿನ ಅಳತೆ, ಸ್ವರೂಪ, ಹರಡುವಿಕೆ ಬರುತ್ತದೆ; ಕೊನೆಯಲ್ಲೆಲ್ಲೋ 'ಶ್ವಾಸನಾಳ ಬಲಕ್ಕೆ ಸರಿದಿದೆ' ಎಂಬ ಒಂದು ಸಾಲು. ಟ್ಯೂಬ್ ಹಾಕುವವರಿಗೆ ಅಷ್ಟು ಸಾಲದು. ಅತ್ಯಂತ ಕಿರಿದಾದ ಜಾಗ ಎಷ್ಟು ಮಿಲಿಮೀಟರ್? ಧ್ವನಿತಂತುಗಳಿಂದ ಎಷ್ಟು ಕೆಳಗೆ? ಅದು ಎಷ್ಟು ಉದ್ದಕ್ಕಿದೆ? ಅದರ ಕೆಳಗೆ ಶ್ವಾಸನಾಳ ಇಬ್ಭಾಗವಾಗುವವರೆಗೆ ಆರೋಗ್ಯವಾದ ಭಾಗ ಎಷ್ಟು ಉಳಿದಿದೆ?

ಗಳಗಂಡದ ಉದಾಹರಣೆಯನ್ನೇ ಬಿಡಿಸಿ ನೋಡಿ. 7 ನಂಬರ್ ಟ್ಯೂಬ್ ಎಂದರೆ ಅದರ ಒಳವ್ಯಾಸ 7 ಮಿಲಿಮೀಟರ್. ಗೋಡೆಯ ದಪ್ಪ ಸೇರಿಸಿದರೆ ಹೊರವ್ಯಾಸ 9ರಿಂದ 10 ಮಿಲಿಮೀಟರ್. ಶ್ವಾಸನಾಳ 6 ಮಿಲಿಮೀಟರಿಗೆ ಕಿರಿದಾಗಿದ್ದರೆ ಸಣ್ಣ ಟ್ಯೂಬ್ ಬೇಕೆಂಬುದು ಲೆಕ್ಕ. ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಸಾಮಾನ್ಯ ಗಳಗಂಡ ಶ್ವಾಸನಾಳವನ್ನು ಹೊರಗಿನಿಂದ ಒತ್ತಿರುತ್ತದೆ, ನಾಳದ ಗೋಡೆ ಮೆದುವಾಗಿಯೇ ಇರುತ್ತದೆ. ಟ್ಯೂಬ್ ಅದನ್ನು ಹಿಗ್ಗಿಸಿಕೊಂಡು ಇಳಿಯುವುದೇ ಹೆಚ್ಚು. ಕ್ಯಾನ್ಸರ್ ಗೋಡೆಯನ್ನೇ ಹೊಕ್ಕಿದ್ದರೆ ಅದು ಹಿಗ್ಗುವುದಿಲ್ಲ, ಬಲವಂತ ಮಾಡಿದರೆ ರಕ್ತ. ಒಂದೇ ಅಳತೆಯ ಇಕ್ಕಟ್ಟಿಗೆ ಎರಡು ಬೇರೆ ಯೋಜನೆಗಳು!

ಗಳಗಂಡ ಎದೆಮೂಳೆಯ ಹಿಂದಕ್ಕೆ ಇಳಿದಿದ್ದರೆ ಲೆಕ್ಕ ಮತ್ತೂ ಬದಲಾಗುತ್ತದೆ. ಬೇರೆಲ್ಲ ದಾರಿ ಮುಚ್ಚಿದಾಗ ಕುತ್ತಿಗೆಯ ಮುಂಭಾಗದಲ್ಲಿ ಕೊಯ್ದು ಟ್ಯೂಬ್ ಹಾಕುವುದು ನಮ್ಮ ಕಡೆಯ ಅಸ್ತ್ರ. ಇಕ್ಕಟ್ಟು ಎದೆಯೊಳಗಿದ್ದರೆ ಕುತ್ತಿಗೆಯಲ್ಲಿ ಮಾಡಿದ ದಾರಿ ಇಕ್ಕಟ್ಟಿನ ಮೇಲ್ಗಡೆಯೇ ಉಳಿದು ಪ್ರಯೋಜನಕ್ಕೆ ಬಾರದು. ಅದನ್ನು ಮೊದಲೇ ತಿಳಿಸುವುದು ಚಿತ್ರವೊಂದೇ.

ಅದಕ್ಕಾಗಿಯೇ ರೋಗಿಗಳಿಗೊಂದು ಸಲಹೆ: ಪ್ರಿಂಟ್ ಹಾಕಿದ ಫಿಲಂ ಹಾಳೆಗಳ ಜೊತೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಮಿಲಿಮೀಟರಿನಷ್ಟು ತೆಳುವಾದ ಪದರಗಳು ಅದರಲ್ಲಿರುತ್ತವೆ. ಅವನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಬಾಯಿಂದ ಶ್ವಾಸನಾಳದವರೆಗೆ ಎಂಡೋಸ್ಕೋಪ್ ಇಳಿಸಿದಂತೆಯೇ ನೋಡುತ್ತಾ ಹೋಗಬಹುದು. ಇದಕ್ಕೆ ವರ್ಚುವಲ್ ಎಂಡೋಸ್ಕೋಪಿ ಎನ್ನುತ್ತಾರೆ. ಹತ್ತು ಹಾಳೆಯ ಫಿಲಂನಿಂದ ಇದು ಆಗುವುದಿಲ್ಲ. ಇಲ್ಲೂ ಎಚ್ಚರ ಬೇಕು: ಅಂಟಿಕೊಂಡ ಕಫ ಗೆಡ್ಡೆಯಂತೆ ಕಾಣಬಹುದು, ಲೋಹದ ಹಲ್ಲು ಸುತ್ತಲಿನ ಚಿತ್ರವನ್ನು ಕಲಸಿಬಿಡಬಹುದು.

ತಪ್ಪು ಕಲ್ಪನೆ 5: ಬಾಯಿ ತೆರೆಯದಿದ್ದರೇನಂತೆ, ಮತ್ತು ಬಂದ ಮೇಲೆ ತಾನಾಗಿ ತೆರೆಯುತ್ತದೆ.

ವಾಸ್ತವ: ಯಾಕೆ ತೆರೆಯುತ್ತಿಲ್ಲ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬುದ್ಧಿಹಲ್ಲಿನ ಬಳಿ ಕೀವು ತುಂಬಿ, ನೋವಿಗೆ ದವಡೆಯ ಸ್ನಾಯು ಬಿಗಿದಿದ್ದರೆ ಅರಿವಳಿಕೆಯಲ್ಲಿ ಅದು ಸಡಿಲವಾಗಬಹುದು. ಬಹಳ ದಿನವಾಗಿದ್ದರೆ ಆಗದೆಯೂ ಇರಬಹುದು. ಚಿಕ್ಕಂದಿನಲ್ಲಿ ಗದ್ದ ಊರಿ ಬಿದ್ದೋ, ಕಿವಿಯ ಸೋಂಕಿನಿಂದಲೋ ದವಡೆ ಕೀಲಿನ ಮೂಳೆಗಳು ಬೆಸೆದುಕೊಂಡಿದ್ದರೆ ಯಾವ ಔಷಧಕ್ಕೂ ಜಗ್ಗುವುದಿಲ್ಲ. ಇವೆರಡರ ನಡುವಿನ ವ್ಯತ್ಯಾಸವನ್ನು ಸಿ.ಟಿ. ಖಚಿತವಾಗಿ ಹೇಳುತ್ತದೆ. ಮೂಳೆ ಬೆಸೆದದ್ದು ಕಂಡರೆ 'ಮತ್ತು ಕೊಟ್ಟು ನೋಡೋಣ' ಎಂಬ ಮಾತು ಅಲ್ಲಿಗೇ ನಿಲ್ಲಬೇಕು.

ಮೂರನೆಯದೊಂದಿದೆ, ಅದು ನಮ್ಮ ಮನೆಬಾಗಿಲಿನದೇ. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮೊದಲು ಕರ್ನಾಟಕ. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪೊರೆ ನಿಧಾನವಾಗಿ ನಾರುಗಟ್ಟಿ ಬಾಯಿ ತೆರೆಯುವುದು ಎರಡು ಬೆರಳಿಗೆ, ಆಮೇಲೆ ಒಂದು ಬೆರಳಿಗೆ ಇಳಿಯುತ್ತದೆ. ವೈದ್ಯರು 'ಓ.ಎಸ್.ಎಂ.ಎಫ್.' ಎನ್ನುವ ಈ ರೋಗವನ್ನು 1952ರಲ್ಲಿ ಮೊದಲ ಬಾರಿಗೆ ವಿವರಿಸಿದ್ದು ಪೂರ್ವ ಆಫ್ರಿಕದಲ್ಲಿದ್ದ ಭಾರತೀಯ ಮಹಿಳೆಯರಲ್ಲಿ. ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲಿ ನಿಷೇಧಿಸಿತು. ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿ ಮುಂದೆ ತೂಗಾಡುವುದು ನಿಂತಿಲ್ಲ. ನಾರುಗಟ್ಟಿದ ಪೊರೆ ಅರಿವಳಿಕೆಯಲ್ಲೂ ಸಡಿಲವಾಗುವುದಿಲ್ಲ. ಇದು ತಿಳಿಯಲು ಸಿ.ಟಿ. ಬೇಕಿಲ್ಲ, ಕೆನ್ನೆಯೊಳಗೆ ಬೆರಳಾಡಿಸಿದರೆ ಬಿಳಿಚಿದ ಗಟ್ಟಿ ಪಟ್ಟಿಗಳು ಸಿಗುತ್ತವೆ. ಚಿತ್ರ ನೆರವಾಗುವುದು ಮುಂದಿನ ಹೆಜ್ಜೆಗೆ. ಬಾಯಿಯ ದಾರಿ ಇಲ್ಲದಿದ್ದರೆ ಮೂಗಿನ ದಾರಿ; ಎರಡು ಹೊಳ್ಳೆಗಳಲ್ಲಿ ಯಾವುದು ಅಗಲ, ನಡುಗೋಡೆ ಎತ್ತ ವಾಲಿದೆ ಎಂಬುದನ್ನು ಸಿ.ಟಿ. ಮೊದಲೇ ತೋರಿಸಿಕೊಡುತ್ತದೆ.

ತಪ್ಪು ಕಲ್ಪನೆ 6: ಅಲ್ಟ್ರಾಸೌಂಡ್ ಇರುವುದು ಹೊಟ್ಟೆ ನೋಡಲು, ಬಸುರಿಯರಿಗೆ. ಗಂಟಲಿಗೂ ಅದಕ್ಕೂ ಸಂಬಂಧವಿಲ್ಲ.

ವಾಸ್ತವ: ಗಾಳಿ ತುಂಬಿದ ಜಾಗವನ್ನು ಅಲ್ಟ್ರಾಸೌಂಡ್ ದಾಟಿ ನೋಡಲಾರದು ಎಂಬುದು ನಿಜ. ಗಂಟಲಿನ ಮುಂಭಾಗದಲ್ಲಿರುವುದೆಲ್ಲ ಅದಕ್ಕೆ ಸ್ಪಷ್ಟವಾಗಿ ಕಾಣುತ್ತದೆ ಎಂಬುದೂ ಅಷ್ಟೇ ನಿಜ. ಅರಿವಳಿಕೆಯವರ ಕೈಗೆ ಈ ಹತ್ತು-ಹದಿನೈದು ವರ್ಷಗಳಲ್ಲಿ ಬಂದ ಅತ್ಯಂತ ಉಪಯುಕ್ತ ಉಪಕರಣ ಇದೇ ಎನ್ನಬಹುದು. ವಿಕಿರಣವಿಲ್ಲ, ರೋಗಿಯನ್ನು ಎಲ್ಲಿಗೂ ಸಾಗಿಸಬೇಕಿಲ್ಲ, ಕೂತಲ್ಲೇ ನೋಡಬಹುದು.

ಮುಖ್ಯ ಉಪಯೋಗ ಎರಡು. ಮೊದಲನೆಯದು, ಧ್ವನಿಪೆಟ್ಟಿಗೆಯ ಎರಡು ಮೃದ್ವಸ್ಥಿಗಳ ನಡುವಿನ ತೆಳುಪೊರೆಯನ್ನು ಗುರುತಿಸುವುದು. ಎಲ್ಲ ದಾರಿ ಮುಚ್ಚಿದಾಗ ಕೊಯ್ಯಬೇಕಾದ ಜಾಗ ಅದೇ. ಎತ್ತರ ಸುಮಾರು 1 ಸೆಂಟಿಮೀಟರ್. ತೆಳ್ಳಗಿನ ಗಂಡಸರಲ್ಲಿ ಬೆರಳಿಗೆ ಸಿಗುತ್ತದೆ. ಹೆಂಗಸರಲ್ಲಿ, ದಪ್ಪ ಕುತ್ತಿಗೆಯವರಲ್ಲಿ, ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಅನುಭವಿಗಳ ಬೆರಳೂ ಜಾಗ ತಪ್ಪುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಶ್ವಾಸನಾಳದ ಉಂಗುರಗಳು ಬಿಳಿ ದಾರಕ್ಕೆ ಪೋಣಿಸಿದ ಕಪ್ಪು ಮುತ್ತಿನ ಸರದ ಹಾಗೆ ಕಾಣುತ್ತವೆ. ಸರ ಹಿಡಿದು ಮೇಲಕ್ಕೆ ಹೋದರೆ ಎಲ್ಲಕ್ಕಿಂತ ದೊಡ್ಡ ಮುತ್ತು ಸಿಗುತ್ತದೆ. ಅದರ ಮೇಲಂಚಿಗೆ ಆ ಪೊರೆ. ಅರಿವಳಿಕೆಗೆ ಮುನ್ನವೇ, ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ, ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕಿಟ್ಟರೆ ಮುಂದೆ ಆತುರದಲ್ಲಿ ಹುಡುಕುವ ಪ್ರಸಂಗ ಬರುವುದಿಲ್ಲ. ಪೊರೆಯ ಮುಂದೆ ರಕ್ತನಾಳ ಹಾದಿದೆಯೇ, ಥೈರಾಯ್ಡ್ ಅಡ್ಡ ಬಂದಿದೆಯೇ ಎಂಬುದೂ ಕಾಣುತ್ತದೆ.

ಎರಡನೆಯದು ಹೊಟ್ಟೆಯದೇ. ಆಪರೇಷನ್‌ಗೆ ಮುನ್ನ ಗಟ್ಟಿ ಆಹಾರ 6 ಗಂಟೆ, ನೀರು 2 ಗಂಟೆ ಬಿಡಬೇಕೆಂಬುದು ನಿಯಮ. ಬಹುಕಾಲದ ಸಕ್ಕರೆ ಕಾಯಿಲೆ, ಹೆರಿಗೆ ನೋವು, ಅಪಘಾತದ ನೋವು, ತೂಕ ಇಳಿಸಲು ತೆಗೆದುಕೊಳ್ಳುವ ಸೆಮಗ್ಲುಟೈಡ್‌ನಂಥ ಚುಚ್ಚುಮದ್ದು ಇವೆಲ್ಲ ಜಠರ ಖಾಲಿಯಾಗುವುದನ್ನು ತಡಮಾಡುತ್ತವೆ. ಗಂಟೆ ಎಣಿಸಿ ಕೂತರೂ ಹೊಟ್ಟೆಯಲ್ಲಿ ಅನ್ನ ಇದ್ದೀತು. ಟ್ಯೂಬ್ ಹಾಕುವುದು ತಡವಾದಾಗ ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಅಲ್ಟ್ರಾಸೌಂಡ್‌ನಲ್ಲಿ ಹೊಟ್ಟೆ ಖಾಲಿಯೋ, ನೀರಿದೆಯೋ, ಗಟ್ಟಿ ಆಹಾರವಿದೆಯೋ ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ನಮ್ಮ ದೇಶದಲ್ಲಿ ಇದಕ್ಕೊಂದು ಕಾನೂನಿನ ಮಗ್ಗುಲೂ ಇದೆ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯ್ದೆಯ ಪ್ರಕಾರ ಅಲ್ಟ್ರಾಸೌಂಡ್ ಯಂತ್ರಗಳು ನೋಂದಣಿಯಾಗಿರಬೇಕು. ಕಾಯ್ದೆಯ ಉದ್ದೇಶ ಪ್ರಶ್ನಾತೀತ. ಅದರ ಕಾಗದಪತ್ರಗಳಿಗೆ ಅಂಜಿ ಥಿಯೇಟರಿಗೆ ಯಂತ್ರವನ್ನೇ ತರಿಸದ ಸಣ್ಣ ಆಸ್ಪತ್ರೆಗಳೂ ನೋಂದಣಿ ಮಾಡಿಸಿ ಇಟ್ಟುಕೊಳ್ಳುವುದು ಲೇಸು.

ತಪ್ಪು ಕಲ್ಪನೆ 7: ಉಸಿರು ಕಟ್ಟುತ್ತಿದ್ದರೆ ಮೊದಲು ಸ್ಕ್ಯಾನ್ ಆಗಲಿ, ಆಮೇಲೆ ಮಿಕ್ಕದ್ದು.

ವಾಸ್ತವ: ಇದನ್ನು ತಿರುಗಿಸಿ ಹಾಕಿಕೊಳ್ಳಬೇಕು. ಸಿ.ಟಿ.ಗೆ ಅಂಗಾತ ಮಲಗಬೇಕು. ಎಂ.ಆರ್.ಐ.ಗೆ ಅರ್ಧ ಗಂಟೆ ಅಲುಗಾಡದೆ ಮಲಗಬೇಕು. ಉಸಿರೆಳೆದಾಗ ಸುಂಯ್ ಎಂದು ಸದ್ದು ಬರುತ್ತಿರುವ, ಕೂತರೆ ಮಾತ್ರ ಉಸಿರಾಡಬಲ್ಲ ರೋಗಿಯನ್ನು ಅಂಗಾತ ಮಲಗಿಸುವುದು, ಅದರ ಮೇಲೆ 'ಗಾಬರಿ ಆಗಿದ್ದಾರೆ' ಎಂದು ನಿದ್ರೆಯ ಚುಚ್ಚುಮದ್ದು ಕೊಡುವುದು, ಎರಡೂ ಉಳಿದ ದಾರಿಯನ್ನು ಮುಚ್ಚಬಲ್ಲವು. ಅದೂ ಥಿಯೇಟರಿನಿಂದ ದೂರದ ಸ್ಕ್ಯಾನ್ ಕೋಣೆಯಲ್ಲಿ, ಸಲಕರಣೆ ಕೈಗೆ ಸಿಗದ ಕಡೆ.

ಮಕ್ಕಳಲ್ಲಿ ಶ್ವಾಸಮಾರ್ಗದ ಮುಚ್ಚಳವೇ ಸೋಂಕಿನಿಂದ ಊದಿಕೊಳ್ಳುವ ಎಪಿಗ್ಲಾಟೈಟಿಸ್ ಎಂಬ ಕಾಯಿಲೆ ಇದಕ್ಕೆ ಹಳೆಯ ಪಾಠ. ಕುತ್ತಿಗೆಯನ್ನು ಪಕ್ಕದಿಂದ ತೆಗೆದ ಎಕ್ಸ್-ರೇಯಲ್ಲಿ ಅದು ಹೆಬ್ಬೆರಳಿನಂತೆ ಕಾಣುತ್ತದೆ ಎಂದು ಪುಸ್ತಕಗಳಲ್ಲಿದೆ. ಜೊಲ್ಲು ಸುರಿಸುತ್ತ, ಮುಂದಕ್ಕೆ ಬಾಗಿ ಕೂತ ಮಗುವನ್ನು ಆ ಚಿತ್ರಕ್ಕಾಗಿ ಎಕ್ಸ್-ರೇ ಕೋಣೆಗೆ ಎಳೆದೊಯ್ಯಬಾರದು ಎಂಬುದೂ ಅದೇ ಪುಸ್ತಕಗಳಲ್ಲಿದೆ. ಅಮ್ಮನ ಮಡಿಲಲ್ಲೇ ಇರಿಸಿಕೊಂಡು, ಅಳಿಸದೆ, ನೇರ ಥಿಯೇಟರಿಗೆ ಕರೆದೊಯ್ಯುವುದು ಕ್ರಮ.

ಎದೆಗೂಡಿನ ಮುಂಭಾಗದಲ್ಲಿ ದೊಡ್ಡ ಗೆಡ್ಡೆ ಇರುವವರಿಗೆ ಸಿ.ಟಿ. ಬೇಕೇ ಬೇಕು, ಏಕೆಂದರೆ ಶ್ವಾಸನಾಳದ ಅಡ್ಡಕೊಯ್ತದ ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಅರಿವಳಿಕೆಯ ಅಪಾಯ ತೀವ್ರವಾಗಿ ಏರುತ್ತದೆ. ಮಲಗಲಾಗದಿದ್ದರೆ ಅದು ಸ್ಕ್ಯಾನ್‌ಗೆ ಅಡಚಣೆ ಎಂದಷ್ಟೇ ಭಾವಿಸಬಾರದು. ಯಾವ ಚಿತ್ರವೂ ಹೇಳದಷ್ಟು ಸ್ಪಷ್ಟವಾದ ಎಚ್ಚರಿಕೆ ಅದು.

ತಪ್ಪು ಕಲ್ಪನೆ 8: ಎಚ್ಚರ ಇದ್ದಾಗಲೇ ಟ್ಯೂಬ್ ಹಾಕುವುದು ಹಿಂಸೆ. ಕೈ ಪಳಗದ ವೈದ್ಯರು ಹಾಗೆ ಮಾಡುತ್ತಾರೆ.

ವಾಸ್ತವ: ಶಸ್ತ್ರಚಿಕಿತ್ಸೆಯ ಅರಿವಳಿಕೆಗಾಗಿ ಬಾಯಿಯ ಮೂಲಕ ಮೊದಲು ಟ್ಯೂಬ್ ಹಾಕಿದ್ದೇ ಎಚ್ಚರವಿದ್ದ ರೋಗಿಗೆ. 1878ರ ಜುಲೈನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ವಿಲಿಯಂ ಮ್ಯಾಕ್‌ಯೂಅನ್ ಎಂಬ ಶಸ್ತ್ರಚಿಕಿತ್ಸಕ ನಾಲಿಗೆ ಬುಡದ ಕ್ಯಾನ್ಸರ್ ಇದ್ದವನ ಗಂಟಲಿಗೆ ಬೆರಳಿನ ಆಸರೆಯಿಂದ ಲೋಹದ ಟ್ಯೂಬ್ ಇಳಿಸಿ, ಆಮೇಲೆ ಕ್ಲೋರೊಫಾರ್ಮ್ ಕೊಟ್ಟರು. ಅದರ ಹಿಂದಿನ ವಿವೇಕ ಇಂದಿಗೂ ಹಳತಾಗಿಲ್ಲ: ದಾರಿ ಕೈಗೆ ಸಿಗುವ ತನಕ ರೋಗಿಯ ಸ್ವಂತ ಉಸಿರನ್ನು ಕಸಿದುಕೊಳ್ಳಬಾರದು.

ವಿಧಾನ ಮಾತ್ರ ಪೂರ್ತಿ ಬದಲಾಗಿದೆ. 1967ರಲ್ಲಿ ಬ್ರಿಟನ್ನಿನಲ್ಲಿ ಬಾಗುವ ಎಂಡೋಸ್ಕೋಪಿನ ನೆರವಿನಿಂದ ಮೂಗಿನ ಮೂಲಕ ಟ್ಯೂಬ್ ಹಾಕಿದ ಮೇಲೆ ಹೊಸ ಬಾಗಿಲು ತೆರೆಯಿತು. ಈಗ ಜೊಲ್ಲು ಒಣಗಿಸುವ ಔಷಧ ಕೊಟ್ಟು, ಲಿಗ್ನೊಕೇನ್ ಸಿಂಪಡಿಸಿ ಮೂಗು, ಗಂಟಲಿಗೆ ಜೋಮು ಹಿಡಿಸಿ, ಮಾತಾಡಿದರೆ ಉತ್ತರಿಸುವಷ್ಟು ಮಾತ್ರ ಮಂಪರು ಕೊಟ್ಟು, ಮೂಗಿನಲ್ಲಿ ಆಮ್ಲಜನಕ ಹರಿಸುತ್ತಲೇ ಟ್ಯೂಬ್ ಇಳಿಸುತ್ತಾರೆ. ಸ್ವಲ್ಪ ಕೆಮ್ಮು, ಒತ್ತಿದಂಥ ಅನುಭವ ಆಗುವುದುಂಟು. ಸಿ.ಟಿ. ನೋಡಿ 'ನಿಮಗೆ ಎಚ್ಚರದಲ್ಲೇ ಹಾಕುವುದು ಸುರಕ್ಷಿತ' ಎಂದು ವೈದ್ಯರು ಹೇಳಿದರೆ, ಅವರು ನಿಮ್ಮ ಗಂಟಲನ್ನು ಗಂಭೀರವಾಗಿ ಓದಿದ್ದಾರೆ ಎಂದೇ ಅರ್ಥ.

ತಪ್ಪು ಕಲ್ಪನೆ 9: ಟ್ಯೂಬ್ ಸರಿಯಾದ ಜಾಗದಲ್ಲಿದೆಯೇ ಎಂದು ಎಕ್ಸ್-ರೇ ಹೇಳುತ್ತದೆ.

ವಾಸ್ತವ: ಎದೆಯ ಎಕ್ಸ್-ರೇ ಟ್ಯೂಬ್ ಎಷ್ಟು ಆಳಕ್ಕೆ ಹೋಗಿದೆ ಎಂದು ತೋರಿಸಬಲ್ಲದು. ಅನ್ನನಾಳ ಇರುವುದು ಶ್ವಾಸನಾಳದ ಹಿಂದೆಯೇ. ಮುಂದಿನಿಂದ ತೆಗೆದ ಚಿತ್ರದಲ್ಲಿ ಟ್ಯೂಬ್ ಯಾವುದರೊಳಗಿದೆ ಎಂಬುದನ್ನು ನೆಚ್ಚಿಕೊಂಡು ಹೇಳಲಾಗದು. ಅನ್ನನಾಳದಲ್ಲಿದ್ದರೆ, ಚಿತ್ರ ಬರುವಷ್ಟರಲ್ಲಿ ಮೆದುಳು ಆಮ್ಲಜನಕವಿಲ್ಲದೆ ನರಳಿರುತ್ತದೆ. ಹೊರಬರುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಫಿ ಪರದೆಯ ಮೇಲೆ ಉಸಿರು ಉಸಿರಿಗೂ ಅಲೆ ಮೂಡಿಸುತ್ತದೆ. ಅಲೆ ಮೂಡಲಿಲ್ಲವೆಂದರೆ ಟ್ಯೂಬ್ ತಪ್ಪು ಜಾಗದಲ್ಲಿದೆ ಎಂದೇ ತಿಳಿದು ನಡೆಯಬೇಕು. ಆಪರೇಷನ್ ಮಾಡುವ ಪ್ರತಿ ಆಸ್ಪತ್ರೆಯಲ್ಲೂ, ಐ.ಸಿ.ಯು.ನಲ್ಲೂ ಇದು ಇರಲೇಬೇಕಾದ ಉಪಕರಣ.

ತಪ್ಪು ಕಲ್ಪನೆ 10: ವಿಡಿಯೊ ಲ್ಯಾರಿಂಗೋಸ್ಕೋಪ್ ಬಂದಿದೆ, ಎ.ಐ. ಬರುತ್ತಿದೆ. ಇನ್ನು ಯೋಜನೆಯ ತಲೆನೋವು ಯಾಕೆ?

ವಾಸ್ತವ: ತುದಿಯಲ್ಲಿ ಕ್ಯಾಮೆರಾ ಇರುವ ಲ್ಯಾರಿಂಗೋಸ್ಕೋಪ್ 2001ರಿಂದೀಚೆಗೆ ಬಳಕೆಗೆ ಬಂದು ಎಷ್ಟೋ ಕಷ್ಟಗಳನ್ನು ಸುಲಭ ಮಾಡಿದೆ. ಬಾಯಿ ಒಂದು ಬೆರಳಷ್ಟೇ ತೆರೆಯುವವರಿಗೆ ಅದರ ಬ್ಲೇಡೂ ಹಿಡಿಸುವುದಿಲ್ಲ. ಧ್ವನಿತಂತು ಪರದೆಯಲ್ಲಿ ಕಂಡರೂ ಕೆಳಗೆ ಒತ್ತಿಹೋದ ಶ್ವಾಸನಾಳ ಅಗಲವಾಗುವುದಿಲ್ಲ. ಮುಖದ ಫೋಟೊ, ಸ್ಕ್ಯಾನ್ ನೋಡಿ ಕಷ್ಟವನ್ನು ಊಹಿಸುವ ಕಂಪ್ಯೂಟರ್ ವಿಧಾನಗಳು ಪ್ರಯೋಗದಲ್ಲಿವೆ. ಊಹೆ ಎಷ್ಟೇ ಚೆನ್ನಾಗಿದ್ದರೂ ಅದು ಊಹೆ. ತಪ್ಪಿದಾಗ ಏನು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಬ್ರಿಟನ್ನಿನಲ್ಲಿ ಶ್ವಾಸಮಾರ್ಗದ ಗಂಭೀರ ತೊಡಕುಗಳನ್ನೆಲ್ಲ ಒಂದು ವರ್ಷ ಕಲೆಹಾಕಿ 2011ರಲ್ಲಿ ಹೊರತಂದ 'ನ್ಯಾಪ್-4' ವರದಿ ಬೊಟ್ಟು ಮಾಡಿದ್ದು ಇದನ್ನೇ. ಹಲವರಲ್ಲಿ ಗಂಟಲಿನ ಪರೀಕ್ಷೆ ಸರಿಯಾಗಿ ಆಗಿರಲಿಲ್ಲ. ಆದ ಕಡೆ, ಕಂಡ ಕಷ್ಟಕ್ಕೆ ತಕ್ಕ ಯೋಜನೆ ಇರಲಿಲ್ಲ. ಎಚ್ಚರದಲ್ಲೇ ಟ್ಯೂಬ್ ಹಾಕಬೇಕಿದ್ದವರಿಗೆ ಹಾಕಿರಲಿಲ್ಲ. ಮೊದಲ ಪ್ರಯತ್ನ ಸೋತಾಗ ಅದನ್ನೇ ಮತ್ತೆ ಮತ್ತೆ ಮಾಡಲಾಗಿತ್ತು. ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಸಂಘ 2016ರಲ್ಲಿ ವಯಸ್ಕರು, ಗರ್ಭಿಣಿಯರು, ಮಕ್ಕಳು, ಐ.ಸಿ.ಯು. ರೋಗಿಗಳಿಗೆ ಬೇರೆ ಬೇರೆ ಮಾರ್ಗಸೂಚಿ ಕೊಟ್ಟಿದೆ. ತಿರುಳು ಒಂದೇ: ಟ್ಯೂಬ್ ಆಗದಿದ್ದರೆ ಗಂಟಲೊಳಗೆ ಧ್ವನಿಪೆಟ್ಟಿಗೆಯ ಮೇಲೆ ಕೂರುವ ಲ್ಯಾರಿಂಜಿಯಲ್ ಮಾಸ್ಕ್‌ನಂಥ ಸಾಧನ, ಅದೂ ಆಗದಿದ್ದರೆ ಮುಖದ ಮಾಸ್ಕ್, ಅದೂ ಸೋತರೆ ಕುತ್ತಿಗೆಯ ಮುಂಭಾಗದಿಂದ ದಾರಿ, ಈ ಹೊತ್ತೆಲ್ಲ ಮೂಗಿನಲ್ಲಿ ಆಮ್ಲಜನಕ ಹರಿಯುತ್ತಿರಬೇಕು. ಒಳ್ಳೆಯ ಸ್ಕ್ಯಾನ್ ಈ ಮೆಟ್ಟಿಲುಗಳಲ್ಲಿ ಯಾವುದು ಈ ರೋಗಿಯಲ್ಲಿ ಮುರಿದಿದೆ ಎಂದು ಮೊದಲೇ ಹೇಳುತ್ತದೆ. ಮೆಟ್ಟಿಲು ಕಟ್ಟುವವರು ವೈದ್ಯರೇ.

ರೋಗಿಗಳು, ಮನೆಯವರು ಮಾಡಬಹುದಾದದ್ದು

ಹಳೆಯ ಮತ್ತು ಹೊಸ ಸ್ಕ್ಯಾನ್‌ಗಳ ಸಿ.ಡಿ., ರಿಪೋರ್ಟ್ ಎರಡನ್ನೂ ತನ್ನಿ. ಆಪರೇಷನ್ ದಿನ ಬೆಳಿಗ್ಗೆಗೆ ಬಿಡದೆ ಫಿಟ್‌ನೆಸ್ ಪರೀಕ್ಷೆಗೇ ತನ್ನಿ. ಸ್ಕ್ಯಾನ್ ಆದ ಮೇಲೆ ಧ್ವನಿ ಬದಲಾಗಿದ್ದರೆ, ನುಂಗುವುದು ಕಷ್ಟವಾಗಿದ್ದರೆ, ಮಲಗಿದಾಗ ಉಸಿರು ಕಟ್ಟುತ್ತಿದ್ದರೆ ಕೇಳುವವರೆಗೆ ಕಾಯದೆ ಹೇಳಿ. ಅಡಿಕೆ, ಗುಟ್ಕಾ, ಬೀಡಿ, ಗೊರಕೆ, ತೂಕದ ಚುಚ್ಚುಮದ್ದು, ಅಲ್ಲಾಡುವ ಹಲ್ಲು ಯಾವುದನ್ನೂ ಮುಚ್ಚಿಡಬೇಡಿ. 'ಬೆನ್ನಿಗೆ ಇಂಜೆಕ್ಷನ್ ತಾನೇ, ಗಂಟಲು ಯಾಕೆ ನೋಡ್ತೀರಿ?' ಎನ್ನಬೇಡಿ, ಬೆನ್ನಿನ ಅರಿವಳಿಕೆ ಸಾಲದೆ ಹೋದರೆ ನಡುವೆಯೇ ಪೂರ್ತಿ ಅರಿವಳಿಕೆ ಕೊಡಬೇಕಾಗಬಹುದು.

'ಹೋದ ಸಲ ಏನೂ ತೊಂದರೆ ಆಗಲಿಲ್ಲ' ಎಂಬುದು ಒಳ್ಳೆಯ ಸುದ್ದಿ, ಖಾತರಿಯಲ್ಲ; ಅಂದಿನಿಂದ ಇಂದಿಗೆ ತೂಕ, ಕುತ್ತಿಗೆ, ಗಂಟಲು ಬದಲಾಗಿರಬಹುದು. ಹೋದ ಸಲ ಕಷ್ಟವಾಗಿದ್ದರೆ ಮಾತ್ರ ಅದಕ್ಕಿಂತ ಬಲವಾದ ಸೂಚನೆ ಬೇರೊಂದಿಲ್ಲ. ಟ್ಯೂಬ್ ಹಾಕಲು ಕಷ್ಟವಾಯಿತೆಂದು ವೈದ್ಯರು ಹೇಳಿದರೆ ಏನು ಕಷ್ಟವಾಯಿತು, ಕೊನೆಗೆ ಯಾವ ಸಾಧನದಿಂದ ಆಯಿತು, ಯಾವ ನಂಬರಿನ ಟ್ಯೂಬ್ ಎಂಬುದನ್ನು ಲೆಟರ್‌ಹೆಡ್ ಮೇಲೆ ಬರೆಸಿಕೊಂಡು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ಮುಂದಿನ ಸಲ ಬೇರೆ ಊರಿನ, ಬೇರೆ ವೈದ್ಯರು ಸ್ಕ್ಯಾನ್‌ಗಿಂತ ಮೊದಲು ಓದಬೇಕಾದ ಕಾಗದ ಅದು.